ಬುರಾನೋ ದ್ವೀಪದ ಲೇಸ್ ಶಾಲೆ: ನಾನು ಕಂಡದ್ದು

(ಶಾಲೆಯ ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮಹೋತ್ಸವ ಸಮಿತಿಯವರು ಫೋನ್ ಮಾಡಿ, "ಅಕ್ಕಾರ, ನೀವು ಇಟಲಿಗೆ ಹೋಗಿ ಬಂದೀರಂತ. ಅದರ ಬಗ್ಗೆ ನಮ್ಮ ಹುಡುಗರಿಗೆ ನಾಲ್ಕು ಮಾತು ಹೇಳ್ರಿ" ಎಂದರು. ನಾನು ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಳಾದವಳು. ಭಾಷಣ ಮಾಡಿ ರೂಢಿಯಿಲ್ಲ. ಇಟಲಿಯಲ್ಲಿ ದೊಡ್ಡ ದೊಡ್ಡ ಚರ್ಚು, ಅರಮನೆ, ಚಿತ್ರಗಳು ಎಷ್ಟೋ ಇವೆ. ಅವುಗಳ ಫೋಟೋ ನಿಮ್ಮ ಪುಸ್ತಕಗಳಲ್ಲೇ ಸಿಗುತ್ತವೆ. ಆದ್ದರಿಂದ ಅವನ್ನೆಲ್ಲ ಬಿಟ್ಟು ಒಂದು ಸಣ್ಣ ಊರಿನ ಒಂದು ಸಣ್ಣ ವಸ್ತುಸಂಗ್ರಹಾಲಯದ ಬಗ್ಗೆ ಮಾತಾಡುತ್ತೇನೆ. ಅದು ಕೈಯಿಂದ ಮಾಡಿದ ಲೇಸಿನ ಸಂಗ್ರಹಾಲಯ. ಅದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಆ ಕಟ್ಟಡ ಮೊದಲು ಒಂದು ಶಾಲೆಯಾಗಿತ್ತು. ನಮ್ಮ ಶಾಲೆಗೆ ಐವತ್ತು ತುಂಬಿದ ಈ ಹೊತ್ತಿನಲ್ಲಿ ಆ ಶಾಲೆಯ ಕಥೆ ನಮಗೆ ಬೇಕಾದದ್ದು ಎಂದು ನನಗೆ ಅನಿಸಿದೆ.

ಲೇಸ್ ಎಂದರೆ ಎಲ್ಲರಿಗೂ ಗೊತ್ತು. ಲಂಗದ ಅಂಚಿಗೆ, ಕೂಸಿನ ಕುಲಾವಿಗೆ, ದಿಂಬಿನ ಚೀಲಕ್ಕೆ ಹಚ್ಚುವ ತೂತು ತೂತಿನ ಬಿಳಿ ಪಟ್ಟಿ. ಸಂತೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಈಗ ಅದನ್ನು ಯಂತ್ರ ಮಾಡುತ್ತದೆ. ಆದರೆ ಸುಮಾರು ಇನ್ನೂರು ವರ್ಷಗಳ ಹಿಂದಿನವರೆಗೆ ಜಗತ್ತಿನಲ್ಲಿ ಇದ್ದ ಲೇಸೆಲ್ಲ ಮನುಷ್ಯರ, ಅದರಲ್ಲೂ ಹೆಚ್ಚಾಗಿ ಹೆಂಗಸರ ಬೆರಳಿನಿಂದ ಬಂದದ್ದು. ಯುರೋಪಿನ ರಾಜರು, ಪಾದ್ರಿಗಳು, ಶ್ರೀಮಂತರು ಅದನ್ನು ಒಡವೆಯ ಹಾಗೆ ತೊಡುತ್ತಿದ್ದರು. ಗಂಡಸರು ಕೂಡ ಕೊರಳಿಗೆ, ಮುಂಗೈಗೆ ಲೇಸ್ ಹಚ್ಚಿಕೊಳ್ಳುತ್ತಿದ್ದರು.

ನನ್ನ ಮಗಳು ಇಟಲಿಯ ಪಡುವಾ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಅದು 1222ರಲ್ಲಿ ಸ್ಥಾಪನೆಯಾದ ಹಳೆಯ ವಿಶ್ವವಿದ್ಯಾಲಯ. ಅಲ್ಲಿಂದ ವೆನಿಸ್‌ಗೆ ರೈಲಿನಲ್ಲಿ ಅರ್ಧ ತಾಸು. ವೆನಿಸ್ ನೀರಿನ ಮೇಲಿನ ಊರು ಎಂದು ಎಲ್ಲರೂ ಓದಿದ್ದೀರಿ. ಸಮುದ್ರದ ಹಿನ್ನೀರಿನಲ್ಲಿ ಚದುರಿದ ಹತ್ತಾರು ದ್ವೀಪಗಳಲ್ಲಿ ಬುರಾನೋ ಒಂದು. ಅಲ್ಲಿಗೆ ಬಸ್ಸಿನ ಬದಲು ದೋಣಿ. ನಮ್ಮ ಬಸ್ಸಿಗೆ ಇರುವಂತೆ ಅಲ್ಲಿಯ ದೋಣಿಗಳಿಗೂ ನಂಬರ್ ಇರುತ್ತದೆ. ನಾವು 12ನೇ ನಂಬರಿನ ದೋಣಿ ಹತ್ತಿದೆವು. ದಾರಿಯಲ್ಲಿ ಗಾಜಿನ ಕೆಲಸಕ್ಕೆ ಹೆಸರಾದ ಮುರಾನೋ ದ್ವೀಪ ಸಿಕ್ಕಿತು. ಮುಕ್ಕಾಲು ತಾಸಿನಲ್ಲಿ ಬುರಾನೋ ಮುಟ್ಟಿದೆವು.

ಬುರಾನೋ ಮೀನುಗಾರರ ಊರು. ಮನೆಗಳೆಲ್ಲ ಚಿಕ್ಕವು, ಒಂದಕ್ಕೊಂದು ಅಂಟಿಕೊಂಡಿವೆ. ಒಂದು ಮನೆಗೆ ಅರಿಶಿನದ ಬಣ್ಣ, ಪಕ್ಕದ ಮನೆಗೆ ಕುಂಕುಮದ ಬಣ್ಣ, ಅದರಾಚೆ ಗಿಳಿಹಸಿರು, ನೀಲಿ. ಮಂಜು ಕವಿದಾಗ ಮೀನು ಹಿಡಿದು ಬರುವವರಿಗೆ ತಮ್ಮ ಮನೆ ದೂರದಿಂದಲೇ ಗುರುತು ಸಿಗಲಿ ಎಂದು ಹೀಗೆ ಬಳಿದರೆಂದು ಹೇಳುತ್ತಾರೆ. ಊರ ನಡುವೆ ಒಂದು ಚೌಕ. ಆ ಊರಲ್ಲಿ ಹುಟ್ಟಿದ ಬಾಲ್ದಸ್ಸಾರೆ ಗಲುಪ್ಪಿ ಎಂಬ ಸಂಗೀತಗಾರನ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಚೌಕದ ಒಂದು ಬದಿಗೆ ಚರ್ಚು, ಅದರ ಗಂಟೆಯ ಗೋಪುರ ಕಣ್ಣಿಗೆ ಕಾಣುವಷ್ಟು ವಾಲಿದೆ. ಇನ್ನೊಂದು ಬದಿಗೆ ಹಿಂದೆ ವೆನಿಸ್ ಗಣರಾಜ್ಯದ ಅಧಿಕಾರಿ ಇರುತ್ತಿದ್ದ ಹಳೆಯ ದೊಡ್ಡ ಮನೆ. ಅದೇ ಈಗ ಲೇಸ್ ಸಂಗ್ರಹಾಲಯ.

ಒಳಗೆ ಹೋದರೆ ಕೆಳಗಿನ ಅಂತಸ್ತಿನಲ್ಲಿ ಲೇಸ್ ಹೇಗೆ ಮಾಡುತ್ತಾರೆ ಎಂದು ತೋರಿಸುತ್ತಾರೆ. ಮೇಲಿನ ಅಂತಸ್ತಿನಲ್ಲಿ ಗಾಜಿನ ಪೆಟ್ಟಿಗೆಗಳಲ್ಲಿ 16ನೇ ಶತಮಾನದಿಂದ 20ನೇ ಶತಮಾನದವರೆಗಿನ ಲೇಸುಗಳನ್ನು ಕಾಲಕ್ರಮದಲ್ಲಿ ಜೋಡಿಸಿದ್ದಾರೆ. ಕಾಲರ್, ಬೀಸಣಿಗೆ, ಮೇಜಿನ ಹಾಸು, ಪಾದ್ರಿಗಳ ನಿಲುವಂಗಿಯ ಅಂಚು, ಮದುಮಗಳ ಮುಸುಕು. ಒಂದು ಪೆಟ್ಟಿಗೆಯ ಮುಂದೆ ಮಗಳು ನನ್ನನ್ನು ನಿಲ್ಲಿಸಿ, "ಅವ್ವಾ, ಇದರಲ್ಲಿ ಅರಿವೆ ಎಲ್ಲಿದೆ ತೋರಿಸು" ಎಂದಳು. ನಾನು ಕನ್ನಡಕ ಸರಿ ಮಾಡಿಕೊಂಡು ನೋಡಿದೆ. ಹೂವಿದೆ, ಎಲೆಯಿದೆ, ಬಳ್ಳಿಯಿದೆ. ಅವುಗಳ ಹಿಂದೆ ಅರಿವೆಯೇ ಇಲ್ಲ. ಬರೀ ದಾರ.

ಇಲ್ಲಿ ಮಕ್ಕಳಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಕಸೂತಿ ಹಾಕುವಾಗ ಸೀರೆ ಇರುತ್ತದೆ, ಅದರ ಮೇಲೆ ಸೂಜಿ ಓಡುತ್ತದೆ. ವೆನಿಸ್‌ನ ಹೆಂಗಸರೂ ಮೊದಲು ಹಾಗೆಯೇ ಮಾಡುತ್ತಿದ್ದರು. ಆಮೇಲೆ ಬಟ್ಟೆಯ ಕೆಲವು ಎಳೆಗಳನ್ನು ಎಳೆದು ತೆಗೆದು, ಕತ್ತರಿಸಿ, ಉಳಿದ ಎಳೆಗಳನ್ನು ಸೂಜಿಯಿಂದ ಸುತ್ತಿ ಜಾಳಿಗೆಯಂತೆ ಮಾಡಿದರು. ದಿನ ಹೋದಂತೆ ತೆಗೆಯುವ ಎಳೆಗಳು ಹೆಚ್ಚಾದವು, ಬಟ್ಟೆ ಕಡಿಮೆಯಾಯಿತು. 16ನೇ ಶತಮಾನದಲ್ಲಿ ಬಟ್ಟೆಯನ್ನು ಪೂರ್ತಿ ಕೈಬಿಟ್ಟರು. ಹೀಗೆ ಹುಟ್ಟಿದ ಲೇಸಿಗೆ ಅವರು ಇಟ್ಟ ಹೆಸರು 'ಪುಂತೋ ಇನ್ ಆರಿಯಾ'. ಗಾಳಿಯಲ್ಲಿ ಹಾಕಿದ ಹೊಲಿಗೆ ಎಂದು ಅದರ ಅರ್ಥ.

ಗಾಳಿಯಲ್ಲಿ ಹೊಲಿಯುವುದು ಹೇಗೆ? ಮೊದಲು ಗಟ್ಟಿ ಕಾಗದದ ಮೇಲೆ ಚಿತ್ರ ಬರೆಯುತ್ತಾರೆ. ಅದರ ಕೆಳಗೆ ಎರಡು ಮೂರು ಪದರ ಬಟ್ಟೆ ಇಟ್ಟು ಹೊಲಿಯುತ್ತಾರೆ. ಚಿತ್ರದ ಗೆರೆಯ ಮೇಲೆ ದಾರ ಇಟ್ಟು, ಅದನ್ನು ಸಣ್ಣ ಸಣ್ಣ ಟಾಕಿ ಹಾಕಿ ಕಾಗದಕ್ಕೆ ಹಿಡಿಸುತ್ತಾರೆ. ಇದು ಬುನಾದಿ. ಆಮೇಲೆ ಈ ದಾರವನ್ನೇ ಆಧಾರ ಮಾಡಿಕೊಂಡು ಹೂವಿನ ಒಳಭಾಗವನ್ನು ಸಾಲು ಸಾಲಾಗಿ ತುಂಬುತ್ತಾರೆ. ಸೂಜಿ ಕಾಗದದೊಳಗೆ ಇಳಿಯುವುದಿಲ್ಲ, ದಾರದಿಂದ ದಾರಕ್ಕೆ ಹೋಗುತ್ತದೆ. ಮೂಲದಲ್ಲಿ ಅದು ನಾವು ಗುಂಡಿಯ ಕಾಜಾಕ್ಕೆ ಹಾಕುವ ಹೊಲಿಗೆಯೇ! ನಮ್ಮ ಹೊಲಿಗೆ ಅಕ್ಕೋರು ಎಂಟನೇ ಇಯತ್ತೆಯಲ್ಲಿ ಕಲಿಸಿದ್ದ ಕಾಜಾ ಹೊಲಿಗೆ. ಅದನ್ನೇ ಒತ್ತಾಗಿ ಹಾಕಿದರೆ ಬಟ್ಟೆಯಂತೆ ಕಾಣುತ್ತದೆ, ಸಡಿಲವಾಗಿ ಹಾಕಿದರೆ ಬಲೆಯಂತೆ ಕಾಣುತ್ತದೆ. ಹೂವು ಎಲೆ ಮುಗಿದ ಮೇಲೆ ಅವುಗಳ ನಡುವಿನ ಜಾಗಕ್ಕೆ ಮೀನು ಬಲೆಯಂಥ ಸೂಕ್ಷ್ಮ ಜಾಳಿಗೆ ತುಂಬುತ್ತಾರೆ. ಬುರಾನೋ ಲೇಸಿನ ಹೆಸರೇ ಈ ಜಾಳಿಗೆಯಿಂದ ಬಂದದ್ದು. ಅಂಚುಗಳನ್ನು ಇನ್ನೊಮ್ಮೆ ಉಬ್ಬಿಸಿ ಹೊಲಿಯುತ್ತಾರೆ. ಎಲ್ಲ ಮುಗಿದ ಮೇಲೆ ಕೆಳಗಿನ ಬಟ್ಟೆಯ ಪದರಗಳ ನಡುವೆ ಕತ್ತರಿ ಆಡಿಸಿ, ಮೊದಲು ಹಾಕಿದ ಟಾಕಿಗಳನ್ನು ಕಡಿಯುತ್ತಾರೆ. ಆಗ ಲೇಸು ಕಾಗದ ಬಿಟ್ಟು ಕೈಗೆ ಬರುತ್ತದೆ. ಕಾಗದವೂ ಇಲ್ಲ, ಬಟ್ಟೆಯೂ ಇಲ್ಲ.

ಇನ್ನೊಂದು ಬಗೆಯ ಲೇಸಿದೆ. ಅದಕ್ಕೆ ಸೂಜಿ ಬೇಡ. ದಿಂಬಿನ ಮೇಲೆ ಟಾಚಣಿ ಚುಚ್ಚಿ, ಕಟ್ಟಿಗೆಯ ಸಣ್ಣ ಕಡ್ಡಿಗಳಿಗೆ ಸುತ್ತಿದ ಹತ್ತಾರು ದಾರಗಳನ್ನು ಜಡೆ ಹೆಣೆದ ಹಾಗೆ ಒಂದರ ಮೇಲೊಂದು ದಾಟಿಸುತ್ತಾರೆ. ಬೆಲ್ಜಿಯಂ ದೇಶ ಇದಕ್ಕೆ ಹೆಸರುವಾಸಿ. ಬುರಾನೋದ್ದು ಮಾತ್ರ ಸೂಜಿಯ ಲೇಸು.

ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೀವು ಕೇಳಬಹುದು. ಇದೇ ಜಾತಿಯ ಸೂಜಿ ಲೇಸು ಫ್ರಾನ್ಸಿನ ಅಲಾಂಸೋನ್ ಎಂಬ ಊರಲ್ಲಿದೆ. 2010ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಒಂದು ಚದರ ಸೆಂಟಿಮೀಟರ್ ಲೇಸಿಗೆ 7 ತಾಸು ಬೇಕಂತೆ. ನಾನು ಅಂಚೆ ಕಚೇರಿಯವಳು, ಸ್ಟಾಂಪಿನ ಲೆಕ್ಕದಲ್ಲಿ ಹೇಳುತ್ತೇನೆ. ಎರಡು ಸೆಂಟಿಮೀಟರ್ ಅಗಲ, ಎರಡೂವರೆ ಉದ್ದದ ಸಣ್ಣ ಸ್ಟಾಂಪಿನಷ್ಟು ಲೇಸಿಗೆ 35 ತಾಸು. ದಿನಕ್ಕೆ ಏಳು ತಾಸು ತಲೆ ಎತ್ತದೆ ಕುಳಿತರೆ ಐದು ದಿನ. ಆ ಕೆಲಸ ಪೂರ್ತಿ ಕೈವಶವಾಗಲು ಏಳರಿಂದ ಹತ್ತು ವರ್ಷ ಕಲಿಯಬೇಕು. ನಾವು ಹತ್ತನೇ ಇಯತ್ತೆ ಮುಗಿಸಲು ತೆಗೆದುಕೊಳ್ಳುವಷ್ಟು ಕಾಲ!

ಈ ಫ್ರಾನ್ಸಿನ ಲೇಸಿಗೂ ವೆನಿಸ್‌ಗೂ ಸಂಬಂಧವಿದೆ. 17ನೇ ಶತಮಾನದಲ್ಲಿ ಫ್ರಾನ್ಸಿನ ಶ್ರೀಮಂತರು ವೆನಿಸ್ ಲೇಸಿಗಾಗಿ ಹಣ ಸುರಿಯುತ್ತಿದ್ದರು. ದೇಶದ ಚಿನ್ನ ಹೊರಗೆ ಹೋಗುತ್ತಿದೆ ಎಂದು 14ನೇ ಲೂಯಿಯ ಮಂತ್ರಿ ಕೋಲ್ಬೇರ್ ಒಂದು ಉಪಾಯ ಮಾಡಿದ. 1665ರಲ್ಲಿ ರಾಜನ ಆಶ್ರಯದಲ್ಲಿ ಫ್ರಾನ್ಸಿನಲ್ಲೇ ಲೇಸ್ ಕಾರ್ಖಾನೆಗಳನ್ನು ತೆರೆದ, ಕಲಿಸಲು ವೆನಿಸ್‌ನ ಕುಶಲ ಹೆಂಗಸರನ್ನು ಕರೆಸಿಕೊಂಡ. ಕೆಲವೇ ವರ್ಷಗಳಲ್ಲಿ ಶಿಷ್ಯರು ಗುರುಗಳಿಗೆ ಪೈಪೋಟಿ ಕೊಟ್ಟರು. ಮುಂದೆ 1797ರಲ್ಲಿ ನೆಪೋಲಿಯನ್‌ನ ಕೈಯಲ್ಲಿ ವೆನಿಸ್ ಗಣರಾಜ್ಯವೇ ಬಿದ್ದುಹೋಯಿತು. ಲೇಸ್ ತೊಡುತ್ತಿದ್ದ ದೊರೆಗಳ ಕಾಲವೂ ಮುಗಿಯಿತು, ಬಟ್ಟೆಯ ಫ್ಯಾಶನ್ನೂ ಬದಲಾಯಿತು. ಅದೇ ಹೊತ್ತಿಗೆ ಇಂಗ್ಲೆಂಡಿನ ಜಾನ್ ಹೀತ್‌ಕೋಟ್ ಎಂಬಾತ 1808-09ರಲ್ಲಿ ಲೇಸಿನ ಜಾಳಿಗೆ ಹೆಣೆಯುವ ಯಂತ್ರಕ್ಕೆ ಪೇಟೆಂಟ್ ಪಡೆದ. 1816ರಲ್ಲಿ ಯಂತ್ರವಿರೋಧಿಗಳು ನುಗ್ಗಿ ಆತನ ಕಾರ್ಖಾನೆಯ ಯಂತ್ರಗಳನ್ನು ಒಡೆದು ಹಾಕಿದರು. ಆತ ಬೇರೆ ಊರಿಗೆ ಹೋಗಿ ಮತ್ತೆ ಹೂಡಿದ. ಯಂತ್ರ ನಿಲ್ಲಲಿಲ್ಲ. ಕೈಲೇಸು ನಿಂತಿತು.

ಈಗ ಶಾಲೆಯ ವಿಷಯಕ್ಕೆ ಬರುತ್ತೇನೆ. ನಾನು ಇಷ್ಟು ದೂರ ನಿಮ್ಮನ್ನು ಕರೆದುಕೊಂಡು ಹೋದದ್ದು ಇದಕ್ಕೇ.

1872ರ ಆಸುಪಾಸಿನಲ್ಲಿ ಅಲ್ಲಿ ಭಯಂಕರ ಚಳಿಗಾಲ ಬಂತು. ಬುರಾನೋ ಸುತ್ತಲಿನ ಹಿನ್ನೀರು ಹೆಪ್ಪುಗಟ್ಟಿತು. ದೋಣಿ ಕದಲದೆ ಮೀನು ಸಿಗದೆ ಊರಿಗೆ ಊರೇ ಉಪವಾಸ ಬಿತ್ತು. ಬೇರೆ ಕಡೆಯವರು ಚಂದಾ ಎತ್ತಿ ಕಳಿಸಿದರು. ಆದರೆ ಚಂದಾ ಎಷ್ಟು ದಿನ ಬಂದೀತು? ಊರಿನವರಿಗೆ ಒಂದು ಕೆಲಸ ಬೇಕು ಎಂದು ಪಾವ್ಲೋ ಫಾಂಬ್ರಿ ಎಂಬ ಜನಪ್ರತಿನಿಧಿ ಮತ್ತು ಆಂದ್ರಿಯಾನಾ ಮಾರ್ಚೆಲ್ಲೋ ಎಂಬ ಶ್ರೀಮಂತ ಮನೆತನದ ಹೆಣ್ಣುಮಗಳು ಯೋಚಿಸಿದರು. ಈ ಊರು ಒಂದು ಕಾಲಕ್ಕೆ ಲೇಸಿಗೆ ಹೆಸರಾಗಿತ್ತಲ್ಲ, ಅದನ್ನೇ ಮತ್ತೆ ಎಬ್ಬಿಸೋಣ ಎಂದರು. ಹುಡುಕಿ ನೋಡಿದರೆ ಹಳೆಯ ಬುರಾನೋ ಹೊಲಿಗೆ ಪೂರ್ತಿ ಬಲ್ಲವಳು ಊರಲ್ಲಿ ಉಳಿದದ್ದು ಒಬ್ಬಳೇ ಮುದುಕಿ! ಅವಳ ಹೆಸರು ವಿಂಚೆನ್ಸಾ ಮೇಮೋ. ಊರವರು ಚೆಂಚಾ ಸ್ಕಾರ್ಪರಿಯೋಲಾ ಎಂದು ಕರೆಯುತ್ತಿದ್ದರು. ವಯಸ್ಸು ಎಪ್ಪತ್ತು ದಾಟಿತ್ತು.

ಆದರೆ ಒಂದು ತೊಡಕು ಬಂತು. ಚೆಂಚಾಳಿಗೆ ಮಾಡಲು ಬರುತ್ತಿತ್ತು, ಕಲಿಸಲು ಬರುತ್ತಿರಲಿಲ್ಲ. ನಮ್ಮಲ್ಲೂ ನೋಡಿ, ರೊಟ್ಟಿ ಬಡಿಯುವುದು ಹೇಗೆ ಎಂದು ಅಜ್ಜಿಯನ್ನು ಕೇಳಿದರೆ, "ಹಿಂಗ ಬಡೀಬೇಕವ್ವಾ" ಎಂದು ಬಡಿದು ತೋರಿಸುತ್ತಾಳೆ, ಅಷ್ಟೇ. ಕೈಗೆ ಗೊತ್ತಿದೆ, ಬಾಯಿಗೆ ಗೊತ್ತಿಲ್ಲ. ಹೀಗಾಗಿ ಒಬ್ಬ ಟೀಚರನ್ನು ಹುಡುಕಿದರು. ಅನ್ನಾ ಬೆಲ್ಲೋರಿಯೋ ದೆಸ್ತೆ ಎಂಬ ಆಕೆ ಬುರಾನೋದ ಹೆಣ್ಣುಮಕ್ಕಳ ಶಾಲೆಯಲ್ಲಿ ಬಹಳ ವರ್ಷಗಳಿಂದ ಪಾಠ ಹೇಳುತ್ತಿದ್ದಳು. ಅವಳು ತನ್ನ ಬಿಡುವಿನ ಹೊತ್ತಿನಲ್ಲಿ ಚೆಂಚಾಳಿಂದ ಪಾಠ ಹೇಳಿಸಿಕೊಂಡಳು. ಮುದುಕಿಯ ಬೆರಳು ಎಲ್ಲಿ ಹೋಗುತ್ತದೆ, ದಾರ ಎತ್ತ ತಿರುಗುತ್ತದೆ ಎಂದು ನೋಡಿ ನೋಡಿ ಒಂದೊಂದೇ ಹೊಲಿಗೆ ಕಲಿತಳು. ಕಲಿತದ್ದನ್ನು ಎಂಟು ಹುಡುಗಿಯರಿಗೆ ಕಲಿಸಿದಳು. ಆ ಎಂಟು ಮಂದಿಯಿಂದ ಶಾಲೆ ಬೆಳೆಯಿತು. ಇಟಲಿಯ ರಾಜಮನೆತನದ ಮಾರ್ಗರೀತಾ ಬೆಂಬಲ ಕೊಟ್ಟಳು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಮುನ್ನೂರಕ್ಕೂ ಹೆಚ್ಚು ಹೆಂಗಸರು ಕೆಲಸ ಮಾಡುತ್ತಿದ್ದರು.

ಗುರುಗಳೇ, ಅಕ್ಕೋರೇ, ಈ ಮಾತನ್ನು ನಿಮ್ಮ ಮುಂದೆ ಎತ್ತಿ ಹೇಳಬೇಕು. ಹಣ ಕೊಟ್ಟವರು ಶ್ರೀಮಂತರು, ಹೆಸರು ಕೊಟ್ಟವರು ರಾಜಮನೆತನದವರು. ಆದರೆ ಸಾಯುತ್ತಿದ್ದ ವಿದ್ಯೆ ಉಳಿದದ್ದು ಒಬ್ಬ ಶಾಲಾ ಶಿಕ್ಷಕಿಯಿಂದ. ಎಷ್ಟೋ ವರ್ಷ ಗುರುವಾಗಿದ್ದ ಆಕೆ, ಒಬ್ಬ ಮುದುಕಿಯ ಮುಂದೆ ವಿದ್ಯಾರ್ಥಿಯಾಗಿ ಕುಳಿತಳು. ಸ್ವಲ್ಪ ತಡವಾಗಿದ್ದರೆ ಚೆಂಚಾಳ ಜೊತೆಗೆ ಅದೂ ಮಣ್ಣು ಸೇರುತ್ತಿತ್ತು.

ಆ ಶಾಲೆ 1970ರವರೆಗೆ ನಡೆಯಿತು. ಎಂದರೆ ಸುಮಾರು ನೂರು ವರ್ಷ. ಆಮೇಲೆ ಮುಚ್ಚಿತು. ಕಾಲ ಬದಲಾಗಿತ್ತು. ಹುಡುಗಿಯರಿಗೆ ಬೇರೆ ಓದು, ಬೇರೆ ನೌಕರಿ ಸಿಕ್ಕವು. ಕಣ್ಣು ಸೋಲುವ, ಬೆನ್ನು ಬಾಗುವ ಕೆಲಸಕ್ಕೆ, ಅದರ ಶ್ರಮಕ್ಕೆ ತಕ್ಕ ಕೂಲಿ ಸಿಗದಿದ್ದರೆ ಯಾರು ಬರುತ್ತಾರೆ? 1981ರಲ್ಲಿ ಅದೇ ಕಟ್ಟಡವನ್ನು ಸಂಗ್ರಹಾಲಯವಾಗಿ ತೆರೆದರು. ದುರಸ್ತಿಯಾಗಿ 2011ರಲ್ಲಿ ಮತ್ತೆ ತೆರೆಯಿತು.

ನಾವು ಹೋದ ದಿನ ಮೇಲಿನ ಅಂತಸ್ತಿನ ಕಿಟಕಿಯ ಬಳಿ ಇಬ್ಬರು ಅಜ್ಜಿಯರು ಲೇಸ್ ಹಾಕುತ್ತ ಕುಳಿತಿದ್ದರು. ತೊಡೆಯ ಮೇಲೆ ಉರುಟು ದಿಂಬು, ಅದರ ಮೇಲೆ ಕಾಗದ, ಕೈಯಲ್ಲಿ ಕೂದಲಿನಂಥ ದಾರ. ನೋಡಲು ಬಂದವರು ಸುತ್ತ ನಿಂತು ಫೋಟೋ ತೆಗೆಯುತ್ತಿದ್ದರು. ಅವರು ತಲೆ ಎತ್ತುತ್ತಿರಲಿಲ್ಲ. ನಾನು ಅಂದು ಇಳಕಲ್ ಸೀರೆ ಉಟ್ಟಿದ್ದೆ, ಸೆರಗಿಗೆ ಅವ್ವ ಹಾಕಿದ ಕಸೂತಿ ಇತ್ತು. ಒಬ್ಬ ಅಜ್ಜಿ ಕನ್ನಡಕದ ಮೇಲಿನಿಂದ ಸೆರಗನ್ನು ನೋಡಿ ಕೈ ಚಾಚಿದಳು. ನಾನು ಬಗ್ಗಿ ಸೆರಗು ಕೊಟ್ಟೆ. ಅವಳು ಮುಂಭಾಗವನ್ನು ಹೆಚ್ಚು ನೋಡಲೇ ಇಲ್ಲ, ಸೆರಗನ್ನು ಮಗುಚಿ ಹಿಂಭಾಗ ನೋಡಿದಳು. ಗವಂತಿ ಹೊಲಿಗೆಯಲ್ಲಿ ಹಿಂದೆ ಮುಂದೆ ಒಂದೇ ಸಮನೆ ಇರುತ್ತದೆ, ಗಂಟು ಇರುವುದಿಲ್ಲ ಎಂದು ನಿಮಗೆ ಗೊತ್ತು. ಅವಳು ಗಂಟು ಹುಡುಕಿದಳು, ಸಿಗಲಿಲ್ಲ. ಪಕ್ಕದವಳನ್ನು ಕರೆದು ತೋರಿಸಿದಳು. ಇಬ್ಬರೂ ಏನೋ ಮಾತಾಡಿಕೊಂಡರು. "ಯಾರು ಹಾಕಿದ್ದು, ಎಲ್ಲಿ ಕಲಿತದ್ದು" ಎಂದು ಕೇಳುತ್ತಿದ್ದಾರೆ ಎಂದು ಮಗಳು ಹೇಳಿದಳು. ನನ್ನ ತಾಯಿ, ಅವಳು ಕಲಿತದ್ದು ಅವಳ ತಾಯಿಯಿಂದ ಎಂದೆ. ಅಜ್ಜಿ ತಲೆಯಾಡಿಸಿ ನನ್ನ ಮಗಳ ಕಡೆ ಬೆರಳು ತೋರಿಸಿ ಇನ್ನೊಂದು ಪ್ರಶ್ನೆ ಕೇಳಿದಳು. ಅದನ್ನು ಮಗಳು ಕನ್ನಡಕ್ಕೆ ಹೇಳಬೇಕಾಗಲಿಲ್ಲ. "ಇವಳಿಗೆ ಬರುತ್ತದೆಯೇ?" ಎಂದೇ ಆ ಪ್ರಶ್ನೆ. ಮಗಳಿಗೆ ಬರುವುದಿಲ್ಲ.

ಅಜ್ಜಿಯರಿಗೂ ಒಂದು ಪ್ರಶ್ನೆ ಕೇಳಿಸಿದೆ. ನಿಮ್ಮ ಮನೆಯಲ್ಲಿ ಯಾರು ಕಲಿತಿದ್ದಾರೆ ಎಂದು. ಇಬ್ಬರೂ ನಕ್ಕರು. ಮೊಮ್ಮಕ್ಕಳು ವೆನಿಸ್‌ನಲ್ಲಿ ನೌಕರಿ ಮಾಡುತ್ತಾರೆ ಎಂದಳು ಒಬ್ಬಳು. ಅವಳ ಮಾತಿನಲ್ಲಿ ದುಃಖವೇನೂ ಇರಲಿಲ್ಲ. ನೌಕರಿ ಸಿಕ್ಕಿದ್ದು ಒಳ್ಳೆಯದೇ ಆಯಿತು ಎಂಬಂತೆ ಇತ್ತು.

ಹೊರಗೆ ಬಂದರೆ ಬೀದಿಯ ಎರಡೂ ಬದಿಗೆ ಲೇಸಿನ ಅಂಗಡಿಗಳು. ಅಗ್ಗದ ಮಾಲೂ ಇದೆ, ಕಣ್ಣು ತಿರುಗುವ ಬೆಲೆಯ ಮಾಲೂ ಇದೆ. ಅಗ್ಗದ್ದು ಯಂತ್ರದ್ದು. ಒಂದು ಅಂಗಡಿಯವಳು ಅಂಗೈಯಷ್ಟು ಅಗಲದ ಕೈಲೇಸನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು ತೋರಿಸಿದಳು. ಇಂಥ ಒಂದು ಕೆಲಸ ಹಲವು ಹೆಂಗಸರ ಕೈ ದಾಟಿ ಬರುತ್ತದಂತೆ. ಬುರಾನೋದಲ್ಲಿ ಮೊದಲಿನಿಂದಲೂ ಹಾಗೆಯೇ. ಗೆರೆಯ ದಾರ ಕೂರಿಸುವವಳು ಒಬ್ಬಳು, ಹೂವು ತುಂಬುವವಳು ಒಬ್ಬಳು, ಜಾಳಿಗೆ ಹಾಕುವವಳು ಇನ್ನೊಬ್ಬಳು. ಇದರಿಂದ ಕೆಲಸ ಬೇಗ ಆಗುತ್ತದೆ, ಕೈ ಪಳಗುತ್ತದೆ. ಆದರೆ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೆ ಇಡೀ ಕೆಲಸ ನಿಲ್ಲುತ್ತದೆ.

ಕೈಕೆಲಸವನ್ನು ಹೊಗಳುವಾಗ ಕೈಯ ಕೂಲಿಯನ್ನು ಮರೆಯಬಾರದು. ಇದಕ್ಕೆ ಇಟಲಿಗೆ ಹೋಗಬೇಕಿಲ್ಲ. ನಮ್ಮ ಪಕ್ಕದ ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರ ಲೇಸಿಗೆ ಹೆಸರಾದ ಊರು. 19ನೇ ಶತಮಾನದಲ್ಲಿ ಮಿಷನರಿಗಳು ಅಲ್ಲಿಯ ಹೆಂಗಸರಿಗೆ ಕ್ರೋಶಾ ಲೇಸ್ ಕಲಿಸಿದರು. ಅದು ಪರದೇಶಕ್ಕೆ ಹೋಗುವ ದೊಡ್ಡ ವ್ಯಾಪಾರವಾಯಿತು. ಮರಿಯಾ ಮೀಸ್ ಎಂಬ ಜರ್ಮನಿಯ ಸಮಾಜಶಾಸ್ತ್ರಜ್ಞೆ ಅಲ್ಲಿಗೆ ಬಂದು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ಅವರು ಕಂಡದ್ದು ಏನೆಂದರೆ, ದಿನವಿಡೀ ಲೇಸ್ ಹಾಕುವ ಹೆಂಗಸರನ್ನು ಯಾರೂ ಕಾರ್ಮಿಕರೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಮನೆಯಲ್ಲಿ ಕುಳಿತು ಬಿಡುವಿನ ಹೊತ್ತು ಕಳೆಯುತ್ತಾರೆ ಎಂದು ಹೇಳುತ್ತಿದ್ದರು. ಆ ಒಂದು ಮಾತಿನಿಂದ ಅವರ ಕೂಲಿ ತೀರ ಕಡಿಮೆಯಾಗಿಯೇ ಉಳಿಯುತ್ತಿತ್ತು, ಲಾಭ ವ್ಯಾಪಾರಿಗಳಿಗೆ ಹೋಗುತ್ತಿತ್ತು. ನಮ್ಮ ಕಸೂತಿಗೂ ಈ ಮಾತು ಹೊಂದುತ್ತದೆ. "ಸುಮ್ಮನೆ ಕೂತಾಗ ಹಾಕಿದ್ದು" ಎನ್ನುತ್ತೇವೆ. ಒಂದು ಸೆರಗಿಗೆ ತಿಂಗಳುಗಟ್ಟಲೆ ಕೂರುವುದು ಸುಮ್ಮನೆ ಕೂರುವುದೇ?

ಈಗ ನಮ್ಮೂರಿನ ವಿಷಯ. ಈ ಭಾಗ ಕಸೂತಿಯ ಸೀಮೆ. ಗವಂತಿ, ಮುರಗಿ, ನೇಗಿ, ಮೆಂತೆ ಎಂದು ನಾಲ್ಕು ಬಗೆಯ ಹೊಲಿಗೆ. ಗೋಪುರ, ತೇರು, ಪಲ್ಲಕ್ಕಿ, ತುಳಸಿ ಕಟ್ಟೆ, ಆನೆ, ನವಿಲು. ಮದುವೆಗೆ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಕಸೂತಿ ಹಾಕಿಸುತ್ತಿದ್ದರು. ನಾನು ಓದುವಾಗ ಓಣಿಗೆ ನಾಲ್ಕು ಮಂದಿ ಕಸೂತಿ ಬಲ್ಲವರು ಸಿಗುತ್ತಿದ್ದರು. ಕಳೆದ ತಿಂಗಳು ನಾನು ಓಣಿ ಓಣಿ ತಿರುಗಿ ಎಣಿಸಿದೆ. ನಾಲ್ಕೂ ಬಗೆ ಬಲ್ಲವರು ಈಗ ಇಡೀ ಊರಲ್ಲಿ ಐದು ಮಂದಿ. ಎಲ್ಲರಿಗೂ ಎಪ್ಪತ್ತು ದಾಟಿದೆ. ಇಬ್ಬರಿಗೆ ಕಣ್ಣಿನ ಪೊರೆ ಬಂದಿದೆ. ನಮ್ಮ ಹೊಲಿಗೆ ಅಕ್ಕೋರು ನಿವೃತ್ತರಾದ ಮೇಲೆ ಶಾಲೆಯ ಹೊಲಿಗೆ ಕೋಣೆಗೆ ಬೀಗ ಬಿದ್ದಿದೆ. ನಿನ್ನೆ ಕಿಟಕಿಯಿಂದ ಇಣುಕಿ ನೋಡಿದೆ. ನಾವು ಕಲಿತ ಹೊಲಿಗೆ ಯಂತ್ರಗಳ ಮೇಲೆ ಹಳೆಯ ಬೆಂಚುಗಳನ್ನು ಪೇರಿಸಿದ್ದಾರೆ.

ಮಕ್ಕಳೇ, ಕಸೂತಿ ಕಲಿತರೆ ಹೊಟ್ಟೆ ತುಂಬುತ್ತದೆ ಎಂದು ನಾನು ನಿಮಗೆ ಹೇಳುವುದಿಲ್ಲ. ಬುರಾನೋದ ಅಜ್ಜಿಯರೇ ತಮ್ಮ ಮೊಮ್ಮಕ್ಕಳಿಗೆ ಹಾಗೆ ಹೇಳಲಿಲ್ಲ. ನೀವು ಓದಬೇಕು, ನೌಕರಿ ಹಿಡಿಯಬೇಕು. ಹಾಗಾದರೆ ಇದೇಕೆ? ಅದಕ್ಕೆ ಇನ್ನೊಂದು ಊರಿನ ಉದಾಹರಣೆ ಕೊಡುತ್ತೇನೆ. ಇಟಲಿಯ ಪಕ್ಕದಲ್ಲೇ ಸ್ಲೊವೇನಿಯಾ ಎಂಬ ಸಣ್ಣ ದೇಶವಿದೆ. ಅಲ್ಲಿಯ ಇದ್ರಿಯಾ ಎಂಬುದು ಪಾದರಸದ ಗಣಿಯ ಊರು. ಗಂಡಸರು ಗಣಿಗೆ ಹೋಗುತ್ತಿದ್ದರು, ಹೆಂಗಸರು ಲೇಸ್ ಹೆಣೆಯುತ್ತಿದ್ದರು. ಅಲ್ಲಿ 1876ರಲ್ಲಿ ಲೇಸ್ ಶಾಲೆ ಶುರುವಾಯಿತು, ಬುರಾನೋ ಶಾಲೆಗಿಂತ ನಾಲ್ಕೇ ವರ್ಷ ತಡವಾಗಿ. ಬುರಾನೋದ್ದು ಸಂಗ್ರಹಾಲಯವಾಯಿತು. ಇದ್ರಿಯಾದ ಶಾಲೆ ಇಂದಿಗೂ ನಡೆಯುತ್ತಿದೆ. ಅಲ್ಲಿಯ ಮಕ್ಕಳು ನಿಮ್ಮ ಹಾಗೆಯೇ ಗಣಿತ, ವಿಜ್ಞಾನ ಓದುತ್ತಾರೆ. ಶಾಲೆ ಬಿಟ್ಟ ಮೇಲೆ ಲೇಸ್ ಶಾಲೆಗೆ ಹೋಗಿ ಕಲಿಯುತ್ತಾರೆ. 2018ರಲ್ಲಿ ಸ್ಲೊವೇನಿಯಾದ ಲೇಸ್ ಹೆಣೆಯುವ ವಿದ್ಯೆ ಯುನೆಸ್ಕೋ ಪಟ್ಟಿಗೆ ಸೇರಿತು. ಎರಡೂ ಕಡೆ ಯಂತ್ರ ಬಂದಿತ್ತು, ಎರಡೂ ಕಡೆ ಕಾಲ ಬದಲಾಗಿತ್ತು. ಒಂದು ಊರಿನಲ್ಲಿ ಮಕ್ಕಳು ಬರುವುದು ನಿಂತಿತು, ಇನ್ನೊಂದು ಊರಿನಲ್ಲಿ ನಿಲ್ಲಲಿಲ್ಲ.

ಆದ್ದರಿಂದ ಈ ವೇದಿಕೆಯಿಂದ ಒಂದು ಬೇಡಿಕೆ ಇಡುತ್ತೇನೆ. ತಿಂಗಳಿಗೆ ಒಂದು ಶನಿವಾರ, ಶಾಲೆ ಬಿಟ್ಟ ಮೇಲೆ ಎರಡು ತಾಸು ಆ ಹೊಲಿಗೆ ಕೋಣೆಯ ಬೀಗ ತೆಗೆಯಿರಿ. ನಮ್ಮ ಐದು ಮಂದಿ ಅಜ್ಜಿಯರನ್ನು ಕರೆತಂದು ಕುರ್ಚಿ ಹಾಕಿ ಕೂರಿಸೋಣ. ಅವರಿಗೆ ಭಾಷಣ ಮಾಡಲು ಬರುವುದಿಲ್ಲ, ಕೈಯಿಂದ ಮಾಡಿ ತೋರಿಸುತ್ತಾರೆ. ಯಾರಾದರೂ ಒಬ್ಬ ಅಕ್ಕೋರು ಅವರ ಪಕ್ಕ ಕುಳಿತು ಕಲಿಯಲಿ. ಮಕ್ಕಳು ಗಣಿತದ ಚೌಕುಳಿ ಹಾಳೆ ತರಲಿ. ಕಸೂತಿಯೆಂದರೆ ಎಳೆಯ ಎಣಿಕೆ, ಪೆನ್ಸಿಲ್ಲಿನ ಗೆರೆ ಇಲ್ಲ, ಮಾದರಿ ಇಲ್ಲ. ಇಷ್ಟು ಎಳೆ ಮೇಲೆ, ಇಷ್ಟು ಎಳೆ ಕೆಳಗೆ. ಚೌಕುಳಿ ಹಾಳೆಯ ಮೇಲೆ ಅದು ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಗವಂತಿಯಲ್ಲಿ ದಾರ ಒಂದು ಮನೆ ಬಿಟ್ಟು ಒಂದು ಮನೆ ಹೋಗಿ, ಅದೇ ದಾರಿಯಲ್ಲಿ ಮರಳಿ ಬಂದು ಬಿಟ್ಟ ಮನೆ ತುಂಬಬೇಕು. ಎಲ್ಲಿಂದ ಹೊರಟರೆ ಸುತ್ತಿ ಅಲ್ಲಿಗೇ ಬರುತ್ತೇವೆ ಎಂದು ಮೊದಲೇ ಯೋಚಿಸಬೇಕು. ಇದು ಒಳ್ಳೆಯ ಗಣಿತ ಎಂದು ನಮ್ಮ ಗಣಿತದ ಸರ್ ಕೂಡ ಒಪ್ಪುತ್ತಾರೆ ಎಂದುಕೊಂಡಿದ್ದೇನೆ. ಒಬ್ಬೊಬ್ಬ ಅಜ್ಜಿಗೆ ಬರುವ ಒಂದೊಂದು ಚಿತ್ರವನ್ನು ಹಾಳೆಯ ಮೇಲೆ ಇಳಿಸಿ, ಕೆಳಗೆ ಅವರ ಹೆಸರು ಬರೆದು ಒಂದು ಪುಸ್ತಕ ಮಾಡಿ ಗ್ರಂಥಾಲಯದಲ್ಲಿ ಇಡೋಣ. ಮೊಬೈಲಿನಲ್ಲಿ ಅವರ ಕೈಯ ವಿಡಿಯೋ ತೆಗೆಯೋಣ. ಹುಡುಗರು ನಗಬೇಡಿ, ನೀವೂ ಬರಬೇಕು. ಊರಿನ ದರ್ಜಿಗಳೆಲ್ಲ ಗಂಡಸರೇ ಅಲ್ಲವೇ?

ಇನ್ನೊಂದು ಮಾತು. ಆ ಅಜ್ಜಿಯರನ್ನು ಪುಕ್ಕಟೆ ಕರೆಯುವುದು ಬೇಡ. ಬಂದ ದಿನದ ಗೌರವಧನ ಕೊಡಬೇಕು. ನಮ್ಮ ತಂಡದ ಹಳೆಯ ವಿದ್ಯಾರ್ಥಿಗಳು ಮೊದಲ ವರ್ಷದ ಖರ್ಚು ನೋಡಿಕೊಳ್ಳುತ್ತೇವೆ ಎಂದು ನಿನ್ನೆ ರಾತ್ರಿ ಕೂಡಿ ಮಾತಾಡಿದ್ದೇವೆ. ಯಂತ್ರಗಳ ದುರಸ್ತಿ, ಸೂಜಿ, ದಾರ, ಬಟ್ಟೆ ಎಲ್ಲ ಅದರಲ್ಲಿ ಸೇರಿದೆ. ಮುಖ್ಯೋಪಾಧ್ಯಾಯರು ಅನುಮತಿ ಕೊಟ್ಟರೆ ಸಾಕು.

ನಾನು ಬುರಾನೋದಲ್ಲಿ ನೋಡಿದ ಗಾಜಿನ ಪೆಟ್ಟಿಗೆಗಳು ಬಹಳ ಚೆಂದ ಇದ್ದವು. ಧೂಳಿಲ್ಲ, ಹುಳ ಹತ್ತುವುದಿಲ್ಲ. ನಮ್ಮ ಅಜ್ಜಿಯರ ಸೀರೆಗಳನ್ನೂ ಮುಂದೊಂದು ದಿನ ಹಾಗೆ ಇಡಬಹುದು. ಆದರೆ ಅದಕ್ಕಿಂತ ಮೊದಲು, ಅವರು ಇನ್ನೂ ನಮ್ಮ ನಡುವೆ ಇರುವಾಗ, ಅವರ ಮುಂದೆ ಎಂಟು ಮಕ್ಕಳನ್ನು ಕೂರಿಸೋಣ. ಬುರಾನೋದಲ್ಲಿ ಶುರುವಾದದ್ದೂ ಎಂಟೇ ಮಂದಿಯಿಂದ.

ಮುಂದಿನ ತಿಂಗಳ ಮೊದಲ ಶನಿವಾರ ನನ್ನ ಅವ್ವನನ್ನು ನಾನೇ ಕರೆದುಕೊಂಡು ಬರುತ್ತೇನೆ. ಅವಳಿಗೆ ಈಗ ಎಂಬತ್ತಮೂರು. ಮಗಳೂ ಆ ಹೊತ್ತಿಗೆ ರಜೆಯ ಮೇಲೆ ಊರಿಗೆ ಬರುತ್ತಾಳೆ, ಅವಳನ್ನೂ ಮಕ್ಕಳ ಸಾಲಿನಲ್ಲೇ ಕೂರಿಸುತ್ತೇನೆ. ಉಳಿದ ಏಳು ಮಂದಿ ಯಾರು ಎಂದು ಮಕ್ಕಳೇ, ಇಂದು ಸಂಜೆಯೊಳಗೆ ನಿಮ್ಮ ಕ್ಲಾಸ್ ಟೀಚರಿಗೆ ಹೆಸರು ಕೊಡಿ.

 ಶಾಲೆಗೆ ನೂರು ತುಂಬಲಿ, ನೂರು ತುಂಬಿದಾಗಲೂ ಶಾಲೆಯಾಗಿಯೇ ಇರಲಿ.